ಹಳೆಯ ಮಾರುತಿ 800ರ ಗೇರ್‌ಬಾಕ್ಸ್‌ಗೆ ಜಿಎಲ್-5 ಆಯಿಲ್ ಹಾಕಿಸಬಹುದಾ?

ದಯವಿಟ್ಟು ಹಾಕಿಸಬೇಡಿ. ಜಿಎಲ್-4, ಜಿಎಲ್-5 ಅನ್ನುವುದು ಗೇರ್ ಆಯಿಲ್‌ನ ದರ್ಜೆಗಳು. ನಿಮ್ಮದು 1998ರ 800, ಬೆಳಗ್ಗೆ ಎರಡನೇ ಗೇರ್ ಹಾಕುವಾಗ ಕರ್ ಅನ್ನುತ್ತದೆ, ಮೆಕ್ಯಾನಿಕ್ "ಜಿಎಲ್-4ಕ್ಕಿಂತ ಜಿಎಲ್-5 ಮೇಲು" ಅಂದಿದ್ದಾರೆ ಅಂತ ಬರೆದಿದ್ದೀರಿ. ನನ್ನ 800ಕ್ಕೂ ಹಿಂದೊಮ್ಮೆ ಇದೇ ಮಾತು ಹೇಳಿ ಜಿಎಲ್-5 ಹಾಕಿದ್ದರು. ಸದ್ದು ಜಾಸ್ತಿಯೇ ಆಯಿತು, ಮೂರರಿಂದ ಎರಡಕ್ಕೆ ಇಳಿಸುವಾಗಲೂ ಬರತೊಡಗಿತು. ಅದನ್ನು ಪೂರ್ತಿ ಇಳಿಸಿ ಜಿಎಲ್-4 ತುಂಬಿಸಿದ ಮೇಲೆ ಗೇರ್ ಮತ್ತೆ ಸಲೀಸಾಗಿ ಬೀಳತೊಡಗಿತು.

ಗೇರ್‌ಬಾಕ್ಸ್ ಒಳಗೆ ಸಿಂಕ್ರೊ ರಿಂಗ್ ಅಂತ ಹಿತ್ತಾಳೆಯ ಉಂಗುರಗಳಿವೆ. ಗೇರ್ ಬದಲಿಸುವಾಗ ಆ ಉಂಗುರ ಗೇರಿನ ಕೋನ್‌ಗೆ ಒತ್ತಿ ಉಜ್ಜಿ ಎರಡರ ವೇಗವನ್ನೂ ಒಂದು ಮಾಡುತ್ತದೆ, ಆಮೇಲಷ್ಟೇ ಹಲ್ಲುಗಳು ಕೂಡುತ್ತವೆ. ಅಂದರೆ ಅಲ್ಲಿ ಸ್ವಲ್ಪ ಹಿಡಿತ ಬೇಕು. ಜಿಎಲ್-5ನಲ್ಲಿ ಗಂಧಕ, ರಂಜಕದ ಸೇರ್ಪಡೆಗಳು ಜಿಎಲ್-4ಕ್ಕಿಂತ ಬಹಳ ಜಾಸ್ತಿ. ಅದರಿಂದ ಹಿಡಿತ ಸಿಗದೆ ಉಂಗುರ ಜಾರುತ್ತದೆ, ಹಲ್ಲು ಉಜ್ಜುತ್ತದೆ. ಅದೂ ಅಲ್ಲದೆ ಬಿಸಿಯಾದಾಗ ಕೆಲವು ಆಯಿಲ್‌ಗಳ ಗಂಧಕ ಹಿತ್ತಾಳೆಯನ್ನು ತಿನ್ನುತ್ತದೆ.

ಜಿಎಲ್-5 ಕೆಟ್ಟ ಆಯಿಲ್ ಅಲ್ಲ. ಅದು ಹೈಪಾಯ್ಡ್ ಗೇರ್‌ಗೆ ಮಾಡಿದ್ದು. ಜಿಪ್ಸಿಯಂಥ ಗಾಡಿಯ ಹಿಂದಿನ ಆಕ್ಸಲ್‌ನಲ್ಲಿರುವ ಇಂಥ ಗೇರ್‌ನ ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ, ಅಲ್ಲಿ ಅದೇ ಬೇಕು. 800ರಲ್ಲಿ ಡಿಫರೆನ್ಷಿಯಲ್ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಭಾಗ) ಗೇರ್‌ಬಾಕ್ಸ್ ಜೊತೆಗೇ ಇದ್ದರೂ ಎಂಜಿನ್ ಅಡ್ಡ ಕೂತಿರುವುದರಿಂದ ಅಲ್ಲಿರುವುದು ಸಾದಾ ಹೆಲಿಕಲ್, ಅಂದರೆ ಓರೆ ಹಲ್ಲಿನ ಗೇರ್. ಅದಕ್ಕೆ ಜಿಎಲ್-4 ಸಾಕು.

ದಪ್ಪದ ವಿಷಯ. 80ಡಬ್ಲ್ಯೂ-90 ಜಿಎಲ್-4 ಎಲ್ಲ ಕಡೆ ಸಿಗುತ್ತದೆ. ನಿಮ್ಮೂರು ಮಡಿಕೇರಿ ಅಂದಿರಲ್ಲ, ಅಲ್ಲಿನ ಚಳಿಗೆ 75ಡಬ್ಲ್ಯೂ-90 ಸಿಕ್ಕರೆ ಇನ್ನೂ ಒಳ್ಳೆಯದು, ಬೆಳಗ್ಗೆ ಬೇಗ ಹರಿಯುತ್ತದೆ. 90 ಅಂದಕೂಡಲೇ ಎಂಜಿನ್ ಆಯಿಲ್‌ಗಿಂತ ತುಂಬಾ ಗಟ್ಟಿ ಅಂದುಕೊಳ್ಳಬೇಡಿ, ಎರಡರ ಅಳತೆ ಬೇರೆ ಬೇರೆ, ಗೇರ್ ಆಯಿಲ್‌ನ 90 ಹೆಚ್ಚುಕಡಿಮೆ ಎಂಜಿನ್ ಆಯಿಲ್‌ನ 40-50ರಷ್ಟೇ ದಪ್ಪ. ಕಾರಿನ ಪುಸ್ತಕ ಇದ್ದರೆ ಅದರಲ್ಲಿರುವ ನಂಬರೇ ಅಂತಿಮ.

ಆದರೆ ಆಯಿಲ್‌ಗೆ ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಎಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲೇ ಕ್ಲಚ್ ಪೂರ್ತಿ ಒತ್ತಿ ನಾಲ್ಕೈದು ಸೆಕೆಂಡ್ ಹಿಡಿದು ರಿವರ್ಸ್ ಹಾಕಿ. ಆಗಲೂ ಕರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಕೇಬಲ್ ಅಡ್ಜಸ್ಟ್ ಮಾಡಿಸಿ ನೋಡಿ. ರಿವರ್ಸ್ ಸಲೀಸಾಗಿ ಬಿದ್ದು ಎರಡನೇ ಗೇರ್ ಮಾತ್ರ ಕಾಡಿದರೆ ಸಿಂಕ್ರೊ ಅಥವಾ ಆಯಿಲ್.

ಬದಲಿಸುವಾಗ ಕಾರು ಸ್ವಲ್ಪ ಓಡಿಸಿ ಬಿಸಿ ಮಾಡಿಕೊಳ್ಳಿ. ಮೊದಲು ಮೇಲಿನ ಪ್ಲಗ್ ಬಿಚ್ಚಿಸಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಬಿಚ್ಚದೇ ಹೋದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ, ಅಲ್ವಾ? ಕಾರು ಸಮತಟ್ಟಾಗಿ ನಿಂತಿರಲಿ, ಮೇಲಿನ ತೂತಿನಿಂದ ಆಯಿಲ್ ತೊಟ್ಟಿಕ್ಕುವವರೆಗೆ ತುಂಬಿಸಿ. ಇಳಿಸಿದ ಆಯಿಲನ್ನು ಸುಮ್ನೆ ಚೆಲ್ಲಬೇಡಿ, ಬಿಸಿಲಲ್ಲಿ ಹಿಡಿದು ನೋಡಿ. ಚಿನ್ನದ ಪುಡಿಯಂತೆ ಜಾಸ್ತಿ ಮಿನುಗಿದರೆ ಉಂಗುರ ಸವೆದಿದೆ, ಆಗ ಯಾವ ಆಯಿಲ್ ಹಾಕಿದರೂ ಸದ್ದು ಪೂರ್ತಿ ಹೋಗುವುದಿಲ್ಲ, ಗೇರ್‌ಬಾಕ್ಸ್ ಬಿಚ್ಚಿಸಲೇಬೇಕು.