ಕುಡಿತ ಬಿಟ್ಟ ಮರುದಿನವೇ ಫಿಟ್ಸ್: ಬಿಡೋದಕ್ಕೂ ಆಸ್ಪತ್ರೆ ಬೇಕಾ?

(ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಗಂಡ, ಹೆಂಡತಿ ಇಬ್ಬರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಮಂಜುನಾಥ್‌ಗೆ 43 ವರ್ಷ. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್. ಹೆಂಡತಿ ಸುಧಾ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮನೆಯಲ್ಲಿ ಪಿಯುಸಿ ಓದುವ ಮಗಳು, ಜೊತೆಗೆ ಮಂಜುನಾಥ್ ತಾಯಿ. ಶನಿವಾರದ ಸಂಬಳದ ಜೊತೆ ಶುರುವಾದ ಕುಡಿತ ಈಚಿನ ನಾಲ್ಕೈದು ವರ್ಷಗಳಲ್ಲಿ ದಿನಕ್ಕೆ ಮೂರು ಕ್ವಾರ್ಟರ್‌ಗೆ ಬಂದು ನಿಂತಿತ್ತು. ಬೆಳಿಗ್ಗೆ ಒಂದು ನೈಂಟಿ ಒಳಗೆ ಹೋಗದಿದ್ದರೆ ವರ್ನಿಯರ್ ಕ್ಯಾಲಿಪರ್ ಹಿಡಿದ ಕೈ ನಿಲ್ಲುತ್ತಿರಲಿಲ್ಲ. ಅಳತೆ ತಪ್ಪಿದರೆ ಪೀಸ್ ರಿಜೆಕ್ಟ್, ಸಂಬಳಕ್ಕೆ ಕತ್ತರಿ. 'ಕೆಲಸ ಮಾಡಕ್ಕೋಸ್ಕರಾನೇ ಕುಡೀತೀನಿ' ಅನ್ನುವುದು ಅವರ ವಾದ. ಮನೆಯವರಿಗೆ ಅದು ಬರೀ ನೆಪ. ಸಮಾಲೋಚನೆಗೆ ನನ್ನ ಹತ್ತಿರ ಬಂದಾಗ ನಾನು ಹಾಗೆ ನೋಡಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬೇಕು ಅನ್ನಿಸುವುದು, ಕುಡಿದ ಮೇಲೆ ನಡುಕ ನಿಲ್ಲುವುದು, ಇವೆರಡೂ ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಅನ್ನುವುದಕ್ಕೆ ಗುರುತು.

ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂಡಿಯಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೊಹಾಲ್ ಇರುತ್ತದೆ. 30 ಮಿ.ಲೀ. ಕುಡಿದರೆ ಸುಮಾರು 10 ಗ್ರಾಂ ಆಲ್ಕೊಹಾಲ್ ಒಳಗೆ ಹೋಯಿತು ಅಂತ ಲೆಕ್ಕ. ಮೂರು ಕ್ವಾರ್ಟರ್ ಅಂದರೆ 540 ಮಿ.ಲೀ. ದಿನಕ್ಕೆ 180 ಗ್ರಾಂ. ಇದನ್ನು ಹಾಳೆ ಮೇಲೆ ಬರೆದು ತೋರಿಸಿದೆ. ಮಿಲಿಮೀಟರ್‌ನ ನೂರನೇ ಭಾಗದಲ್ಲಿ ವ್ಯವಹಾರ ಮಾಡುವ ಮನುಷ್ಯ, ಲೆಕ್ಕ ತಪ್ಪಿದೆಯಾ ಅಂತ ತಾವೇ ಮತ್ತೊಂದು ಸಲ ಗುಣಿಸಿ ನೋಡಿದರು.

ಅವರು ಬಂದದ್ದೇ ಸುಧಾ ಒತ್ತಾಯಕ್ಕೆ. ಕೂತ ಮೇಲೆ ಆಡಿದ ಮೊದಲ ಮಾತು: "ಬಿಟ್ರೆ ಸತ್ತೋಗ್ತೀನಿ ಮೇಡಂ. ಒಂದ್ಸಲ ನೋಡಿ ಆಗಿದೆ."

ಹಿಂದಿನ ಕಾರ್ತಿಕದಲ್ಲಿ ಅವರು ಅಯ್ಯಪ್ಪನ ಮಾಲೆ ಹಾಕಿದ್ದರು. ಯಾರ ಬಲವಂತವೂ ಇರಲಿಲ್ಲ. ಮಗಳ ಗೆಳತಿಯರ ಎದುರು ತೂರಾಡಿದ್ದು ಅವರಿಗೇ ನಾಚಿಕೆ ತಂದಿತ್ತು. ರಾತ್ರಿ ಹತ್ತಕ್ಕೆ ಕೊನೆಯ ಗ್ಲಾಸ್, ಬೆಳಿಗ್ಗೆ ಗುರುಸ್ವಾಮಿ ಕೈಯಿಂದ ಮಾಲೆ. ಆ ಮಧ್ಯಾಹ್ನದಿಂದಲೇ ನಡುಕ, ಬೆವರು, ವಾಕರಿಕೆ. ರಾತ್ರಿಯೆಲ್ಲ ನಿದ್ದೆ ಇಲ್ಲ. ಮರುದಿನ ಬೆಳಿಗ್ಗೆ ಐದಕ್ಕೆ ತಣ್ಣೀರು ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಬಿದ್ದರು. ಕೈಕಾಲು ಸೆಟೆದು ಫಿಟ್ಸ್. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ. ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಅಲ್ಲಿ ಕುಡಿತದ ವಿಷಯವನ್ನೇ ಯಾರೂ ಎತ್ತಲಿಲ್ಲ. ಕೊರಳಲ್ಲಿ ಮಾಲೆ ಇರುವವರ ಬಗ್ಗೆ ಹಾಗೆ ಹೇಳುವುದು ಹೇಗೆ? 'ಉಪವಾಸ ಇದ್ದರು, ಸುಸ್ತಾಗಿ ಬಿದ್ದರು' ಅಂದರು. ಒಂದು ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದರು. ಆ ರಾತ್ರಿಯೇ ಮಾಲೆ ತೆಗೆದಿಟ್ಟು ಒಂದು ಕ್ವಾರ್ಟರ್ ಕುಡಿದರು. ನಡುಕ ನಿಂತಿತು.

ಈ ಘಟನೆಗೆ ಮನೆಯಲ್ಲಿ ಮೂರು ಅರ್ಥ. ತಾಯಿಗೆ, ವ್ರತದಲ್ಲಿ ಏನೋ ಮೈಲಿಗೆ ಆಗಿದೆ. ಸುಧಾಗೆ, ಇಷ್ಟು ವರ್ಷ ಕುಡಿದದ್ದು ಈಗ ತಲೆಗೆ ಹತ್ತಿದೆ. ಮಂಜುನಾಥ್‌ಗೆ, ತನ್ನಂಥವನನ್ನು ದೇವರೂ ಕೈಬಿಟ್ಟ.

ಮೂವರಿಗೂ ನಾನು ಹೇಳಿದ್ದು ಒಂದೇ ಮಾತು. ಫಿಟ್ಸ್ ಬಂದದ್ದು ಇದ್ದಕ್ಕಿದ್ದಂತೆ ಬಿಟ್ಟಿದ್ದರಿಂದ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಫಕ್ಕನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಬೀಳುತ್ತಾರಲ್ಲ, ಹಾಗೆ. ಮದ್ಯ ಮೆದುಳನ್ನು ಮಂಕು ಮಾಡುತ್ತಾ ಎಳೆಯುತ್ತದೆ. ಎಚ್ಚರ ಉಳಿಸಿಕೊಳ್ಳಲು ಮೆದುಳು ವರ್ಷಗಟ್ಟಲೆ ಇನ್ನೊಂದು ಕಡೆ ಎಳೆದು ಎಳೆದು ರೂಢಿ ಮಾಡಿಕೊಂಡಿರುತ್ತದೆ. ಮದ್ಯ ಒಂದೇ ಸಲಕ್ಕೆ ನಿಂತರೆ ಆ ಎಳೆತ ಹಿಡಿತವಿಲ್ಲದೆ ಹೋಗುತ್ತದೆ. ಕೊನೆಯ ಗುಟುಕಿನ ಆರೆಂಟು ಗಂಟೆಗೆ ನಡುಕ ಶುರು. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಡೆಲಿರಿಯಂ: ದಿಕ್ಕು ತಪ್ಪುವುದು, ಇಲ್ಲದ್ದು ಕಾಣುವುದು, ಜ್ವರ, ಎದೆಬಡಿತ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. 'ಬಿಟ್ರೆ ಸತ್ತೋಗ್ತೀನಿ' ಅನ್ನುವ ಮಾತಿನಲ್ಲಿ ಅರ್ಧ ನಿಜ ಇತ್ತು.

2020ರ ಲಾಕ್‌ಡೌನ್‌ನಲ್ಲಿ ಇದು ಎಷ್ಟೋ ಮನೆಗಳಲ್ಲಿ ನಡೆಯಿತು. ಮಾರ್ಚ್ ಕೊನೆಯಲ್ಲಿ ಅಂಗಡಿಗಳು ಮುಚ್ಚಿದವು. ಮೇ 4ಕ್ಕೆ ತೆರೆಯುವವರೆಗೆ, ದಿನಾ ಕುಡಿಯುತ್ತಿದ್ದವರು ಫಿಟ್ಸ್, ಡೆಲಿರಿಯಂ ಅಂತ ಆಸ್ಪತ್ರೆ ಸೇರಿದರು. ಆಗಲೂ ಜನ ಆಡಿಕೊಂಡದ್ದು 'ಎಣ್ಣೆ ಸಿಗದೆ ಹುಚ್ಚು ಹಿಡಿದಿದೆ' ಅಂತ.

ಮೊದಲ ದಿನ ನಾನು ಕೊಟ್ಟ ಸಲಹೆ ಸುಧಾಗೆ ಸಿಟ್ಟು ತರಿಸಿತು. "ಇವತ್ತು ರಾತ್ರಿ ಒಂದೇ ಸಲಕ್ಕೆ ಬಿಡಬೇಡಿ. ಡಾಕ್ಟರನ್ನು ನೋಡುವವರೆಗೆ ಬಿಡಬೇಡಿ. ನಡುಕ ಬರದಷ್ಟಕ್ಕೆ ಸಾಕು, ಜಾಸ್ತಿ ಬೇಡ. ಊಟ ತಪ್ಪಿಸಬೇಡಿ, ಗಾಡಿ ಮುಟ್ಟಬೇಡಿ, ಕುಡಿದು ಲೇತ್ ಹತ್ತಿರ ಹೋಗಬೇಡಿ."

"ಕುಡಿಸಿ ಅಂತ ಹೇಳಿಸಿಕೊಳ್ಳೋಕೆ ಅರ್ಧ ದಿನ ರಜೆ ಹಾಕಿ ಬಂದ್ನಾ ಮೇಡಂ?" ಅಂದರು ಸುಧಾ. ನ್ಯಾಯವಾದ ಪ್ರಶ್ನೆ. ಎಲ್ಲರಿಗೂ ನಾನು ಹೀಗೆ ಹೇಳುವುದಿಲ್ಲ. ಒಮ್ಮೆ ಫಿಟ್ಸ್ ಬಂದವರಿಗೆ ಮುಂದಿನ ಸಲ ಬಿಡುವಾಗ ಮತ್ತೆ ಬರುವ ಸಾಧ್ಯತೆ ಹೆಚ್ಚು. ಬಿಡುವುದು, ಮತ್ತೆ ಹಿಡಿಯುವುದು ಹೆಚ್ಚಿದಷ್ಟೂ ನಂತರದ ನಡುಕ, ಫಿಟ್ಸ್ ಜೋರಾಗುತ್ತವೆ. ಹಳೆಯ ಫಿಟ್ಸ್, ಬೆಳಗಿನ ಕುಡಿತ, ಲಿವರ್ ಅಥವಾ ಹೃದಯದ ತೊಂದರೆ, ವಯಸ್ಸಾದವರು, ಜೊತೆಗೆ ನಿದ್ದೆ ಮಾತ್ರೆ: ಇದರಲ್ಲಿ ಒಂದಿದ್ದರೂ ಮನೆಯಲ್ಲಿ ಬಿಡಿಸುವ ಸಾಹಸ ಬೇಡ. ಮದ್ಯವರ್ಜನ ಶಿಬಿರಕ್ಕೆ ಸೇರಿಸುವ ಯೋಚನೆಯೂ ಆ ಮನೆಯಲ್ಲಿತ್ತು. ಶಿಬಿರ ಬೇಡ ಅನ್ನಲಿಲ್ಲ. ಅಲ್ಲಿಯ ಗುಂಪು, ಭಜನೆ, ನಂತರದ ನವಜೀವನ ಸಮಿತಿಯ (ಶಿಬಿರ ಮುಗಿಸಿ ಕುಡಿತ ಬಿಟ್ಟವರ ಗುಂಪು) ಒಡನಾಟ ಬಹಳ ಜನರನ್ನು ಹಿಡಿದು ನಿಲ್ಲಿಸಿದೆ. ಆದರೆ ಮಂಜುನಾಥ್ ಮೊದಲು ಆಸ್ಪತ್ರೆ ಮುಗಿಸಿಯೇ ಎಲ್ಲಿಗಾದರೂ ಹೋಗಬೇಕಿತ್ತು.

ಎರಡು ದಿನದಲ್ಲಿ ಸರ್ಕಾರಿ ಆಸ್ಪತ್ರೆಯೊಂದರ ಮನೋವೈದ್ಯಕೀಯ ವಾರ್ಡಿನಲ್ಲಿ ಅಡ್ಮಿಟ್ ಆಯಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಮಂಜುನಾಥ್ ಅವರೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸ್ವಂತ ಇಚ್ಛೆಯಿಂದ ಸೇರುವುದಕ್ಕೇ ಮೊದಲ ಆದ್ಯತೆ. ರಾತ್ರೋರಾತ್ರಿ ವ್ಯಾನ್ ತಂದು ಎತ್ತಿಹಾಕಿಕೊಂಡು ಹೋಗುವ 'ಸೆಂಟರ್'ಗಳ ನಂಬರ್ ಸುಧಾ ತಮ್ಮನ ಮೊಬೈಲಿನಲ್ಲೂ ಇತ್ತು. ಯಾವುದೇ ಸೆಂಟರ್ ಆಗಲಿ, ಫೀಸ್ ಕೇಳುವ ಮೊದಲು ಎರಡು ವಿಷಯ ಕೇಳಿ ಅಂದೆ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯಾ? ರಾತ್ರಿ ಎರಡಕ್ಕೆ ಫಿಟ್ಸ್ ಬಂದರೆ ನೋಡುವ ಡಾಕ್ಟರ್ ಯಾರು? ಅವನು ಫೋನ್ ಮಾಡಿ ಕೇಳಿದ. ಆ ಕಡೆಯಿಂದ ಫೋನ್ ಇಟ್ಟುಬಿಟ್ಟರಂತೆ.

ವಾರ್ಡಿನಲ್ಲಿ ಮೊದಲು ಕೊಟ್ಟದ್ದು ಥಯಾಮಿನ್, ಅಂದರೆ ವಿಟಮಿನ್ ಬಿ1, ಇಂಜೆಕ್ಷನ್. ವರ್ಷಗಟ್ಟಲೆ ಕುಡಿದವರಲ್ಲಿ ಇದರ ಕೊರತೆ ಜಾಸ್ತಿ. ಇದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಹಾನಿಯಾಗುವ ಅಪಾಯವಿದೆ. ಕ್ಲಿನಿಕ್‌ನಲ್ಲಿ ಮುಚ್ಚಿಟ್ಟ ಒಂದು ಮಾತು ಎಷ್ಟು ದುಬಾರಿ ಆಗಬಹುದಿತ್ತು ಅಂತ ಸುಧಾಗೆ ಅಲ್ಲೇ ಗೊತ್ತಾಯಿತು. ಲಿವರ್ ರಿಪೋರ್ಟ್ ಚೆನ್ನಾಗಿರಲಿಲ್ಲ, ಹಾಗಾಗಿ ನಡುಕ, ಫಿಟ್ಸ್ ತಡೆಯುವ ಔಷಧಿಗಳಲ್ಲಿ ಲಿವರ್‌ಗೆ ಹೊರೆ ಕಡಿಮೆ ಇರುವ ಲೊರಾಜೆಪಾಮ್ ಅನ್ನು ಡಾಕ್ಟರ್ ಆರಿಸಿಕೊಂಡರು. ನರ್ಸ್ ಕೆಲವು ಗಂಟೆಗೊಮ್ಮೆ ಬಂದು ಕೈ ಚಾಚಿಸಿ ನಡುಕ ನೋಡುತ್ತಿದ್ದರು. ಬೆವರು, ವಾಕರಿಕೆ, ಗಾಬರಿ, ಇವತ್ತು ಯಾವ ತಾರೀಕು, ಎಲ್ಲಿದ್ದೀರಿ, ಹೀಗೆ ಹತ್ತು ಅಂಶಗಳಿಗೆ ಅಂಕ ಹಾಕುತ್ತಿದ್ದರು. ಅಂಕ ಏರಿದರೆ ಔಷಧಿ ಏರಿಕೆ, ಇಳಿದರೆ ಇಳಿಕೆ. "ಇಷ್ಟು ದಿನ ಕಬ್ಬಿಣ ಅಳೀತಿದ್ದೆ, ಈಗ ನನ್ನನ್ನೇ ಅಳೀತಿದಾರೆ" ಅಂದರು ಮಂಜುನಾಥ್. ನಗು ಬಂತು ಅಂದರೆ ಪರವಾಗಿಲ್ಲ ಅಂದುಕೊಂಡೆವು.

ಮೂರನೇ ರಾತ್ರಿ ಕೆಟ್ಟಿತು. ಔಷಧಿ ನಡೆಯುತ್ತಿದ್ದರೂ ಅಂಕ ಇಳಿಯಲಿಲ್ಲ. ಮಂಚದ ಮೇಲೆ ಕೂತು ಗಾಳಿಯಲ್ಲಿ ಲೇತಿನ ಹ್ಯಾಂಡಲ್ ತಿರುಗಿಸತೊಡಗಿದರು. ಬಗ್ಗಿ, ಒಂದು ಕಣ್ಣು ಮುಚ್ಚಿ, ಬೆರಳ ತುದಿಯಲ್ಲಿ ಇಲ್ಲದ ಪೀಸನ್ನು ಹಿಡಿದು ನೋಡುವರು. ಪಕ್ಕದಲ್ಲಿ ಇಡುವರು. ಮತ್ತೆ ತಿರುಗಿಸುವರು. ದಿನಾ ಮಾಡುವ ಕೆಲಸವನ್ನೇ ಕೈ ಆಡಿಸುವುದು ಈ ಡೆಲಿರಿಯಂನಲ್ಲಿ ಸಾಮಾನ್ಯ. ಆದರೆ ನೋಡುವ ಹೆಂಡತಿಗೆ ಅದು ಸಾಮಾನ್ಯ ಅಲ್ಲವಲ್ಲ. ಡ್ಯೂಟಿ ಡಾಕ್ಟರ್ ಮತ್ತೆ ಕೇಳಿದರು: ಇನ್ನೇನಾದರೂ ಮಾತ್ರೆ ತಗೊಳ್ತಿದ್ರಾ? ಸುಧಾ ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದರು. ಸ್ಕೂಟರ್ ಡಿಕ್ಕಿಯಲ್ಲಿ, ಸ್ಪ್ಯಾನರ್ ಸುತ್ತಿಟ್ಟ ಬಟ್ಟೆಯೊಳಗೆ ಆಲ್ಪ್ರಜೋಲಮ್ ಅನ್ನುವ ನಿದ್ದೆ ಮಾತ್ರೆಯ ಸ್ಟ್ರಿಪ್‌ಗಳು ಸಿಕ್ಕವು. ಫಿಟ್ಸ್ ಆದ ಮೇಲೆ ನಿದ್ದೆಗೆ ಅಂತ ಚೀಟಿ ಇಲ್ಲದೆ ತರಿಸಿಕೊಳ್ಳುತ್ತಿದ್ದರು. ಅದನ್ನು ಒಮ್ಮೆಲೇ ನಿಲ್ಲಿಸಿದರೂ ಫಿಟ್ಸ್ ಬರಬಹುದು. ಡಾಕ್ಟರ್ ಲೆಕ್ಕ ಹಾಕಿದ್ದು ಬರೀ ಮದ್ಯಕ್ಕೆ. ಡೋಸ್ ಬದಲಾಯಿತು. ಎರಡು ದಿನದಲ್ಲಿ ಮಾತು ದಾರಿಗೆ ಬಂತು. ಆ ರಾತ್ರಿಯ ನೆನಪು ಅವರಿಗೆ ಚೂರೂ ಇಲ್ಲ.

ಇಲ್ಲಿ ಒಂದು ವಿಷಯ ಸೇರಿಸಲೇಬೇಕು. ಮದ್ಯ ಮತ್ತು ನಿದ್ದೆ ಮಾತ್ರೆಗಳಲ್ಲಿ ಬಿಡುವ ಹೊತ್ತೇ ಅಪಾಯ. ಹೆರಾಯಿನ್, ಟ್ಯಾಪೆಂಟಡಾಲ್‌ನಂಥ ನೋವಿನ ಮಾತ್ರೆಗಳ ಚಟದಲ್ಲಿ ಬಿಡುವಾಗ ಮೈಕೈ ನೋವು, ಭೇದಿ, ಒದ್ದಾಟ ತಡೆಯಲಾಗದಷ್ಟು ಇರುತ್ತದೆ. ಅದರಿಂದಲೇ ಜೀವ ಹೋಗುವುದು ಅಪರೂಪ. ಅಲ್ಲಿ ಅಪಾಯ ಇರುವುದು ಬಿಟ್ಟ ಮೇಲೆ. ತಾಳಿಕೊಳ್ಳುವ ಶಕ್ತಿ ಇಳಿದಿರುತ್ತದೆ. ಹಳೆಯ ಡೋಸನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು.

ಎಂಟನೇ ದಿನ ಮಂಜುನಾಥ್ ಗಡ್ಡ ಬೋಳಿಸಿಕೊಂಡು ಕೂತಿದ್ದರು. ಎರಡು ಪ್ಲೇಟ್ ಇಡ್ಲಿ ತಿಂದಿದ್ದರು. "ಆಯ್ತಲ್ಲ ಮೇಡಂ, ನಾನೀಗ ಫ್ರೆಶ್. ಇನ್ನೇನು ಔಷಧಿ?" ಅಂದರು. ತಾಯಿಯೂ ಅದೇ ರಾಗ: "ರಕ್ತ ಎಲ್ಲ ಶುದ್ಧ ಆಯ್ತಂತೆ." ನನಗೆ ಮೂರನೇ ರಾತ್ರಿಗಿಂತ ಈ ಎಂಟನೇ ದಿನದ್ದೇ ಚಿಂತೆ. ನಡುಕ, ಫಿಟ್ಸ್ ಹಿಂದೆ ಬಿದ್ದಿದ್ದವು, ನಿಜ. ಆದರೆ ಸಂಜೆ ಏಳು ಗಂಟೆ, ವರ್ಕ್‌ಶಾಪ್ ಪಕ್ಕದ ಬಾರ್, ಶನಿವಾರದ ಸಂಬಳ, ಹೆಂಡತಿ ಜೊತೆ ಮಾತಿಲ್ಲದ ಮನೆ, ಇದ್ಯಾವುದನ್ನೂ ಡ್ರಿಪ್ ಬದಲಿಸಿರಲಿಲ್ಲ. ಇಲ್ಲಿಗೇ ನಿಲ್ಲಿಸಿದವರಲ್ಲಿ ಬಹಳ ಜನ ಕೆಲವೇ ತಿಂಗಳಲ್ಲಿ ಅದೇ ವಾರ್ಡಿಗೆ ವಾಪಸ್ ಬರುತ್ತಾರೆ.

ಡಿಸ್ಚಾರ್ಜ್ ದಿನ ಎಲ್ಲರನ್ನೂ ಕೂರಿಸಿಕೊಂಡೆ. ಡಾಕ್ಟರ್ ಅಕಾಂಪ್ರೊಸೇಟ್ ಬರೆದಿದ್ದರು. ಕುಡಿಯಬೇಕು ಅನ್ನುವ ಸೆಳೆತವನ್ನು ತಗ್ಗಿಸುವ ಮಾತ್ರೆ ಇದು. ತಿಂಗಳುಗಟ್ಟಲೆ, ದಿನಕ್ಕೆ ಮೂರು ಹೊತ್ತು. ಲಿವರ್ ಸರಿ ಇಲ್ಲದವರಿಗೂ ಕೊಡಬಹುದು, ಕಿಡ್ನಿ ಮಾತ್ರ ನೋಡಿಕೊಳ್ಳಬೇಕು. ಆಲ್ಪ್ರಜೋಲಮ್ ಜಾಗಕ್ಕೆ ಬಂದ ಮಾತ್ರೆಯನ್ನು ವಾರವಾರ ಇಳಿಸುತ್ತಾ ಹೋಗುವುದು, ಸ್ಟ್ರಿಪ್ ಸುಧಾ ಹತ್ತಿರ ಇರುವುದು ಅಂತ ಆಯಿತು. ಮಂಜುನಾಥ್‌ಗೆ ಹೇಳಿದ್ದು: ಸಂಬಳ ಮೂರು ತಿಂಗಳು ಸುಧಾ ಖಾತೆಗೆ ಹೋಗಲಿ. ಹಸಿವು, ಸಿಟ್ಟು, ಸುಸ್ತು, ಈ ಮೂರರಲ್ಲಿ ಯಾವುದಾದರೂ ಇದ್ದಾಗ ಒಬ್ಬರೇ ಇರಬೇಡಿ. ಸೆಳೆತ ಬಂದಾಗ ಹೆಚ್ಚೆಂದರೆ ಅರ್ಧ ಗಂಟೆ ತಡೆದುಕೊಳ್ಳಿ, ಇಳಿಯುತ್ತದೆ. ಹತ್ತಿರದ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು) ಸಭೆಗೆ ಒಂದು ಸಲ ಹೋಗಿ ಸುಮ್ನೆ ಕೂತು ಬನ್ನಿ, ಮಾತಾಡಲೇಬೇಕು ಅಂತಿಲ್ಲ.

ಆಗ ಸುಧಾ ಕರ್ಚೀಫ್ ಹಿಂಡುತ್ತಾ ಒಂದು ಮಾತು ಹೊರಹಾಕಿದರು. ಪೋಸ್ಟಿನಲ್ಲಿ ತರಿಸಿದ 'ಕುಡಿತ ಬಿಡಿಸುವ ಪುಡಿ'ಯನ್ನು ಎರಡು ತಿಂಗಳು ಸಾರಿಗೆ ಬೆರೆಸಿದ್ದರಂತೆ. ಗಂಡ ತಲೆ ಎತ್ತಿ ನೋಡಿದರು. ಬೈಯಲಿಲ್ಲ. "ಅದಕ್ಕೇ ಸಾರು ಕಹಿ ಇರ್ತಿತ್ತಾ?" ಅಂದರು. ಇಂಥ ಪುಡಿಯಲ್ಲಿ ಏನಿದೆ ಅಂತ ಹೇಳುವವರಿಲ್ಲ. ಡೈಸಲ್ಫಿರಾಮ್ ಅನ್ನುವ ಔಷಧಿ ಇದ್ದರೆ, ಅದರ ಮೇಲೆ ಕುಡಿದವರಿಗೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿ.ಪಿ. ಕುಸಿದು ಪ್ರಾಣಕ್ಕೇ ಸಂಚಕಾರ. ಡಾಕ್ಟರ್‌ಗಳೂ ಡೈಸಲ್ಫಿರಾಮ್ ಕೊಡುತ್ತಾರೆ, ಆದರೆ ಕುಡಿಯುವವರಿಗೆ ಎಲ್ಲ ತಿಳಿಸಿ, ಒಪ್ಪಿಸಿ. ಕದ್ದು ಕೊಡುವಂಥದ್ದಲ್ಲ ಅದು. ಪುಡಿಯ ಡಬ್ಬಿಯನ್ನು ಮುಂದಿನ ಭೇಟಿಗೆ ತಂದು ಡಾಕ್ಟರ್‌ಗೆ ತೋರಿಸಲು ಹೇಳಿದೆ. ಸುಧಾಗೆ ಇನ್ನೊಂದು ಮಾತು: ದಿನಾ ಸಂಜೆ ಬಾಯಿ ಮೂಸಿ ನೋಡುವ ಕೆಲಸ ನಿಮ್ಮದಲ್ಲ. ಮಾತ್ರೆ ತಗೊಂಡ್ರಾ ಅಂತ ಒಂದು ಸಲ ಕೇಳಿ, ಸಾಕು. ರಾತ್ರಿ ಹೊತ್ತು ದಾರಿ ತೋಚದಿದ್ದರೆ ಅಂತ ಎರಡು ನಂಬರ್ ಬರೆದುಕೊಟ್ಟೆ: ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡೂ ಉಚಿತ.

"ಮುಂದಿನ ಸಲ ಮಾಲೆ ಹಾಕಬಹುದಾ?" ಅಂತ ತಾಯಿ ಕೇಳಿದರು. ಖಂಡಿತ ಹಾಕಲಿ ಅಜ್ಜಿ ಅಂದೆ. ಆದರೆ ಮಾಲೆ ಬಿದ್ದ ದಿನ ಅವರು ಆಗಲೇ ಬಿಟ್ಟವರಾಗಿರಬೇಕು. ವ್ರತದಲ್ಲೂ ಮಾತ್ರೆ ತಪ್ಪಬಾರದು. ಈ ಮಾತನ್ನು ಗುರುಸ್ವಾಮಿಗೂ ತಿಳಿಸಿ, ಹೊಸದಾಗಿ ಮಾಲೆ ಕೇಳಿ ಬರುವವರ ಹತ್ತಿರ 'ದಿನಾ ಕುಡೀತೀರಾ, ಎಷ್ಟು?' ಅಂತ ಅವರು ಒಂದು ಮಾತು ಕೇಳಿದರೆ ಒಳ್ಳೆಯದು ಅಂದೆ.

ನಾಲ್ಕು ತಿಂಗಳು ಸರಿಹೋಯಿತು. ವರ್ಕ್‌ಶಾಪಿನ ಆಯುಧಪೂಜೆಯ ಸಂಜೆ ಮಂಜುನಾಥ್ ಎರಡು ಪೆಗ್ ಕುಡಿದರು. ಮರುದಿನ ಸುಧಾ ಫೋನ್ ಮಾಡಿದಾಗ ಹೇಳಿದ್ದು, "ಎಲ್ಲಾ ಹೋಯ್ತು ಮೇಡಂ." ಹೋಗಿರಲಿಲ್ಲ. ಅವರು ತಾವೇ ಮನೆಯಲ್ಲಿ ಹೇಳಿಕೊಂಡಿದ್ದರು, ಮಾತ್ರೆ ನಿಲ್ಲಿಸಿರಲಿಲ್ಲ, ಬೆಳಿಗ್ಗೆ ಮತ್ತೆ ಕುಡಿದಿರಲಿಲ್ಲ. ಒಂದು ದಿನ ಜಾರಿದವರಿಗೆ ಸಾಮಾನ್ಯವಾಗಿ ಮತ್ತೆ ಡೀಟಾಕ್ಸ್, ಅಂದರೆ ವಾರ್ಡಿನಲ್ಲಿಟ್ಟು ಔಷಧಿ ಕೊಟ್ಟು ಬಿಡಿಸುವುದು, ಬೇಕಾಗಿಲ್ಲ. ಆದರೆ ಅದೇ ವಾರ ಡಾಕ್ಟರನ್ನು ನೋಡಬೇಕು. ನೋಡಿದರು. ಮಾಲೀಕರ ಹತ್ತಿರ ತಾವೇ ವಿಷಯ ಹೇಳಿ ಶನಿವಾರದ ಪಾರ್ಟಿಗಳಿಂದ ಹೊರಗೆ ಉಳಿದಿದ್ದಾರೆ. ಈಗ ಹದಿನೈದು ದಿನಕ್ಕೊಮ್ಮೆ ಬರುತ್ತಾರೆ, ಬಹಳ ಸಲ ಒಬ್ಬರೇ. ಸುಧಾ ಬಂದಾಗ ಮಾತು ಹೆಚ್ಚಾಗಿ ಸಾಲದ ಬಗ್ಗೆ, ಚೀಟಿ ದುಡ್ಡಿನ ಬಗ್ಗೆ. ಮುಂದಿನ ಭೇಟಿಗೆ ಮಗಳನ್ನೂ ಕರೆತರಲು ಹೇಳಿದ್ದೇನೆ. ಅಪ್ಪನ ಜೊತೆ ಅವಳು ಇನ್ನೂ ಮಾತು ಬಿಟ್ಟೇ ಇದ್ದಾಳೆ.