ಗ್ಲಾಸ್ಟನ್‌ಬರಿಗೆ ಟೆಂಟೋ, ಕ್ಯಾರವಾನೋ?

ಪ್ರಶ್ನೆ: ನಾವು ಇಂಗ್ಲೆಂಡಿನ ರೀಡಿಂಗ್‌ನಲ್ಲಿದ್ದೇವೆ. 2027ರ ಗ್ಲಾಸ್ಟನ್‌ಬರಿ ಸಂಗೀತೋತ್ಸವಕ್ಕೆ ಟಿಕೆಟ್ ಸಿಕ್ಕರೆ ನಾನು, ಹೆಂಡತಿ, ಆರು ವರ್ಷದ ಮಗಳು ಮೂವರೂ ಹೋಗಬೇಕೆಂದಿದ್ದೇವೆ. ಸ್ನೇಹಿತರೊಬ್ಬರು ತಮ್ಮ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ) ಕೊಡುತ್ತೇವೆ ಎಂದಿದ್ದಾರೆ. ಹೆಂಡತಿಗೆ ಟಾಯ್ಲೆಟ್ ಚಿಂತೆ, ನನಗೆ ಅದನ್ನು ಎಳೆದುಕೊಂಡು ಹೋಗುವ ಚಿಂತೆ. ಟೆಂಟ್ ಸಾಕೇ?
— ಓದುಗರು, ರೀಡಿಂಗ್

ಉತ್ತರ: ನಿಮಗೆ ನಮ್ಮ ಸಲಹೆ ಟೆಂಟ್. ಕಾರಣ ನಿಮ್ಮ ಮಗಳು.

ಕ್ಯಾರವಾನ್, ಕ್ಯಾಂಪರ್‌ವ್ಯಾನ್ ನಿಲ್ಲಿಸುವ ಹೊಲಗಳು ಉತ್ಸವದ ಬೇಲಿಯ ಹೊರಗಿವೆ. ರಾತ್ರಿ ಮುಖ್ಯ ವೇದಿಕೆಯಾದ ಪಿರಮಿಡ್ ಸ್ಟೇಜಿನ ಕೊನೆಯ ಹಾಡು ಮುಗಿದ ಮೇಲೆ ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಜನಸಾಗರದ ನಡುವೆ ಗೇಟು ದಾಟಿ ಅಲ್ಲಿಗೆ ನಡೆಯಬೇಕು. ಅರ್ಧ ಗಂಟೆಯಂತೂ ಹಿಡಿಯುತ್ತದೆ, ಕೆಸರಿದ್ದರೆ ಇನ್ನೂ ಹೆಚ್ಚು. ಮಧ್ಯಾಹ್ನ ಮಗು ಒದ್ದೆಯಾದರೆ ಬಟ್ಟೆ ಬದಲಿಸಲೂ ಅಷ್ಟೇ ದೂರ. ಮಕ್ಕಳಿರುವ ಕುಟುಂಬಗಳಿಗೆಂದೇ ಮೀಸಲಾದ ಕಾಕ್‌ಮಿಲ್ ಮೆಡೋ ಮತ್ತು ವಿಕೆಟ್ ಗ್ರೌಂಡ್ ಎಂಬ ಎರಡು ಹೊಲಗಳು ಬೇಲಿಯ ಒಳಗೇ ಇವೆ. ಅಲ್ಲಿ ಗಲಾಟೆ ಕಡಿಮೆ, ಅಕ್ಕಪಕ್ಕದ ಟೆಂಟಿನಲ್ಲೂ ಮಕ್ಕಳೇ. ಗೇಟು ತೆರೆಯುವ ಬುಧವಾರವೇ ಹೋಗಿ ಜಾಗ ಹಿಡಿಯಿರಿ. 12 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. 2026 ಹೊಲಕ್ಕೆ ವಿಶ್ರಾಂತಿಯ ವರ್ಷ, ಉತ್ಸವ ಇಲ್ಲ; ಆದ್ದರಿಂದ ತಯಾರಿಗೆ ನಿಮಗೆ ಸಮಯ ಇದೆ. ದೊಡ್ಡವರಿಬ್ಬರೂ ಫೋಟೋ ಸಮೇತ ನೋಂದಣಿಯನ್ನು ಟಿಕೆಟ್ ಮಾರಾಟಕ್ಕೆ ಮೊದಲೇ ಮುಗಿಸಿಕೊಳ್ಳಿ. ಒಬ್ಬರ ಹೆಸರಿನ ಟಿಕೆಟ್ಟಿನಲ್ಲಿ ಇನ್ನೊಬ್ಬರು ಹೋಗುವಂತಿಲ್ಲ.

ಟೆಂಟ್ ಕೊಳ್ಳುವಾಗ ‘ನಾಲ್ಕು ಜನರದ್ದು’ ಎಂದರೆ ತಲೆಗೆ ಸುಮಾರು 60 ಸೆಂ.ಮೀ. ಅಗಲ, ಅಷ್ಟೇ. ಚೀಲ, ಬೂಟಿಗೆ ಅದರಲ್ಲಿ ಲೆಕ್ಕವಿಲ್ಲ. ಮೂವರಿಗೆ ನಾಲ್ಕು ಅಥವಾ ಐದು ಜನರ ಟೆಂಟ್ ಸರಿ. ಆರು ಜನರದ್ದು ಎಂದು ಆಸೆಪಟ್ಟರೆ ತೂಕ 15–20 ಕೆ.ಜಿ. ಆಗುತ್ತದೆ, ಗಾಳಿ ತುಂಬಿ ನಿಲ್ಲಿಸುವ ಟೆಂಟಾದರೆ ಅದಕ್ಕೂ ಹೆಚ್ಚು. ಕಾರ್ ಪಾರ್ಕಿನಿಂದ ಅಷ್ಟನ್ನೂ ನೀವೇ ಸಾಗಿಸಬೇಕು. ದಪ್ಪ ಟೈರಿನ ಎಳೆಗಾಡಿಯೊಂದು ಇರಲಿ. ಸೂಟ್‌ಕೇಸಿನ ಸಣ್ಣ ಚಕ್ರ ಹುಲ್ಲಿನಲ್ಲೇ ಹೂತುಕೊಳ್ಳುತ್ತದೆ. ಟೆಂಟಿನ ಹೊರಬಟ್ಟೆಯ ನೀರು ತಡೆಯುವ ಅಳತೆ (ಬಟ್ಟೆ ಸೋರದೆ ತಾಳುವ ನೀರಿನ ಎತ್ತರ) 3,000 ಮಿ.ಮೀ. ಇದ್ದರೆ ನೆಮ್ಮದಿ.

ಉತ್ಸವ ನಡೆಯುವ ವರ್ದಿ ಫಾರ್ಮ್ ಮೂಲತಃ ಹಸು ಸಾಕುವ ಡೈರಿ ಫಾರ್ಮ್. ಅಲ್ಲಿನ ಜೇಡಿಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಅಂಟು. ಟೆಂಟಿನ ಜೊತೆ ಬರುವ ತೆಳು ತಂತಿಯ ಗೂಟಗಳು ಒಣನೆಲದಲ್ಲಿ ಎರಡೇ ಏಟಿಗೆ ಬಾಗುತ್ತವೆ. 20–25 ಸೆಂ.ಮೀ. ಉದ್ದದ ಗಟ್ಟಿ ಉಕ್ಕಿನ ಗೂಟ 20, ಒಂದು ಸುತ್ತಿಗೆ ಒಯ್ಯಿರಿ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲುವಂತೆ, 45 ಡಿಗ್ರಿಯಲ್ಲಿ ಹೊಡೆಯಬೇಕು. ನೆಟ್ಟಗೆ ಹೊಡೆದರೆ ಮಣ್ಣು ಮೆತ್ತಗಾದ ಕೂಡಲೇ ಹಗ್ಗದ ಎಳೆತಕ್ಕೆ ಕಿತ್ತು ಬರುತ್ತದೆ. ಸುರಂಗದ ಆಕಾರದ ಟೆಂಟಿನ ಹಿಂಭಾಗ ಗಾಳಿ ಬರುವ ಕಡೆಗಿರಲಿ. ನೆಲ ಸಮತಟ್ಟಾಗಿದೆ ಎಂದು ತಗ್ಗಿನಲ್ಲಿ ಹಾಕಬೇಡಿ. 2005ರಲ್ಲಿ ಗುಡುಗು ಮಳೆ ಸುರಿದು ಟೆಂಟುಗಳಿದ್ದ ಹೊಲಗಳಿಗೇ ನೀರು ನುಗ್ಗಿತ್ತು. ಸ್ವಲ್ಪ ಇಳಿಜಾರಾದರೂ ಸರಿ, ತಲೆ ಮೇಲ್ಗಡೆ ಮಾಡಿ ಮಲಗಿ. ಟೆಂಟಿನ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಅಂಚಿನಿಂದ ಒಂದು ಬೆರಳೂ ಹೊರಗೆ ಇಣುಕಬಾರದು. ಇಣುಕಿದರೆ ಮೇಲಿಂದ ಇಳಿದ ನೀರನ್ನೆಲ್ಲ ಅದೇ ಹಿಡಿದು ಹಾಸಿಗೆಯ ಅಡಿಗೆ ತರುತ್ತದೆ.

ಜೂನ್ ಎಂದು ಬೆಚ್ಚಗಿನ ಹೊದಿಕೆ ಬಿಡಬೇಡಿ. ರಾತ್ರಿ 10 ಡಿಗ್ರಿಗೂ ಕೆಳಗೆ ಇಳಿಯುವುದುಂಟು. ಸ್ಲೀಪಿಂಗ್ ಬ್ಯಾಗಿಗಿಂತ ಅಡಿಯ ಮ್ಯಾಟ್ ಮುಖ್ಯ: ಮೈಭಾರಕ್ಕೆ ಬ್ಯಾಗಿನ ಅಡಿಭಾಗದಲ್ಲಿ ತುಂಬಿದ್ದೆಲ್ಲ ಚಪ್ಪಟೆಯಾಗಿ, ಶೀತ ನೇರ ಬೆನ್ನಿಗೆ ಏರುತ್ತದೆ. ಬೆಳಗಿನ ಐದಕ್ಕೆಲ್ಲ ಸೂರ್ಯ ಹುಟ್ಟುವುದರಿಂದ ಮಗುವಿನ ಮಲಗುವ ಕೋಣೆ ಕಪ್ಪು ಬಟ್ಟೆಯದಾಗಿದ್ದರೆ ಒಳ್ಳೆಯದು. ಉತ್ಸವದೊಳಗೆ ಗಾಜು ಬಿಡುವುದಿಲ್ಲ, ಹಾಗಾಗಿ ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು ಮನೆಯಲ್ಲೇ ಪ್ಲಾಸ್ಟಿಕ್ ಡಬ್ಬಿಗೆ ತುಂಬಿಕೊಳ್ಳಿ. ಒಲೆಯನ್ನು ಟೆಂಟಿನೊಳಗೆ ಯಾವ ಕಾರಣಕ್ಕೂ ಹಚ್ಚಬಾರದು. ಆರಿತೆಂದು ಕಾಣುವ ಇದ್ದಿಲ ಒಲೆಯಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತಿರುತ್ತದೆ; ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಟಾಯ್ಲೆಟ್ ಚಿಂತೆಗೆ ಕ್ಯಾರವಾನ್ ಪೂರ್ಣ ಪರಿಹಾರವಲ್ಲ. ಅದರ ಟಾಯ್ಲೆಟ್ ಡಬ್ಬಿ 18–20 ಲೀಟರಿನದು. ಮೂವರು ಬಳಸಿದರೆ ಎರಡು ದಿನಕ್ಕೆ ತುಂಬುತ್ತದೆ, ಅದನ್ನು ಹೊತ್ತು ಗೊತ್ತುಪಡಿಸಿದ ಜಾಗದಲ್ಲೇ ಖಾಲಿ ಮಾಡಬೇಕು. ಮಗುವಿಗೆ ರಾತ್ರಿಯ ಮಟ್ಟಿಗೆ ಮುಚ್ಚಳವಿರುವ ಮಕ್ಕಳ ಸಣ್ಣ ಟಾಯ್ಲೆಟ್ ಪಾಟ್ ಸಾಕು. ಬೇಲಿ ಪಕ್ಕ, ತೊರೆ ಪಕ್ಕ ಕೂರಿಸಬೇಡಿ: ಅಷ್ಟು ಜನರ ಮೂತ್ರದ ಅಮೋನಿಯಾ ನೀರಿಗಿಳಿದರೆ ಮೀನು ಸಾಯುತ್ತವೆ.

ನಿಮ್ಮಿಬ್ಬರಲ್ಲಿ ಯಾರಿಗಾದರೂ ಬೆನ್ನು ನೋವೋ ಮಂಡಿ ನೋವೋ ಇದ್ದು ನೆಲದ ಮೇಲೆ ಮಲಗಿ ಏಳಲು ಆಗುವುದಿಲ್ಲವೆಂದರೆ ಮಾತ್ರ ಕ್ಯಾರವಾನ್ ಒಯ್ಯಿರಿ. ಅದಕ್ಕೆ ಪ್ರತ್ಯೇಕ ಕ್ಯಾಂಪರ್‌ವ್ಯಾನ್ ಟಿಕೆಟ್ ಬೇಕು. ಬ್ರಿಟನ್ನಿನ ಕಾರ್ ಲೈಸೆನ್ಸ್ ಇದ್ದರೆ 2021ರ ಡಿಸೆಂಬರ್ 16ರಿಂದ 3,500 ಕೆ.ಜಿ.ವರೆಗಿನ ಟ್ರೇಲರ್ ಎಳೆಯಲು ಬೇರೆ ಪರೀಕ್ಷೆಯಿಲ್ಲ. ಪರೀಕ್ಷೆ ಇಲ್ಲವೆಂದರೆ ಅಭ್ಯಾಸ ಬೇಡವೆಂದಲ್ಲ. ಖಾಲಿ ಮೈದಾನದಲ್ಲಿ ರಿವರ್ಸ್ ತೆಗೆಯುವುದನ್ನಾದರೂ ಕಲಿಯಿರಿ. ಕಾರಿನ ಹಿಂದಿನ ಕೊಕ್ಕೆಯ ಮೇಲೆ ಬೀಳುವ ಭಾರ ಕ್ಯಾರವಾನಿನ ತೂಕದ ಶೇ. 5ರಿಂದ 7 ಇರಬೇಕು, ಅಂದರೆ 1,200 ಕೆ.ಜಿ.ಗೆ 60–84 ಕೆ.ಜಿ. ಕಾರಿಗೆ ಹೇಳಿರುವ ಮಿತಿಯನ್ನೂ ಅದು ದಾಟಬಾರದು. ನೀರಿನ ಡ್ರಮ್, ಡಬ್ಬಿಗಳನ್ನೆಲ್ಲ ಹಿಂಬದಿಯಲ್ಲಿ ಪೇರಿಸಿದರೆ ಮೂತಿ ಹಗುರಾಗಿ, ಕ್ಯಾರವಾನ್ ಹಾವಿನಂತೆ ಹೊರಳಲು ಶುರುಮಾಡುತ್ತದೆ. ಭಾರದ್ದೆಲ್ಲ ಚಕ್ರದ ಮೇಲೆ, ನೆಲಮಟ್ಟದಲ್ಲಿರಲಿ. ಹೊರಳಿದರೆ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್ ಬಿಟ್ಟು ಸ್ಟಿಯರಿಂಗ್ ನೇರ ಹಿಡಿಯಿರಿ. ಮೋಟರ್‌ವೇಯಲ್ಲಿ ವೇಗದ ಮಿತಿ ಗಂಟೆಗೆ 60 ಮೈಲಿ.

ಹೊಲದಲ್ಲಿ ಕರೆಂಟ್ ಸಂಪರ್ಕ ಕೊಡುವುದಿಲ್ಲ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ ನಿಜಕ್ಕೂ ಬಳಸಬಹುದಾದ್ದು ಅರ್ಧ. ದಿನಕ್ಕೆ 10ರ ಲೆಕ್ಕದಲ್ಲಿ ದೀಪ, ನೀರಿನ ಪಂಪು, ಫೋನಿಗೆ ಐದು ದಿನ ಬರುತ್ತದೆ. ಫ್ರಿಜ್ ಗ್ಯಾಸಿನಲ್ಲೇ ನಡೆಯಲಿ.

ಪ್ರಶ್ನೆ: ಅರುಣಾಚಲದ ಜೀರೋ ಸಂಗೀತೋತ್ಸವಕ್ಕೆ ಹೋಗಿದ್ದೆ. ಮಳೆ ಇಲ್ಲದ ರಾತ್ರಿಯೂ ಬೆಳಿಗ್ಗೆ ಟೆಂಟಿನ ಒಳಗೋಡೆ ಒದ್ದೆಯಾಗಿತ್ತು. ಟೆಂಟ್ ಸೋರುತ್ತಿದೆಯೇ? ಈ ಸಲ ಬೆಂಗಳೂರಿಂದ ಕ್ಯಾರವಾನ್ ಬಾಡಿಗೆಗೆ ಹಿಡಿಯಲೇ?
— ಓದುಗರು, ಬೆಂಗಳೂರು

ಉತ್ತರ: ಸೋರಿಕೆಯಲ್ಲ, ಅದು ನಿಮ್ಮ ಉಸಿರು. ಜೀರೋ ಸುಮಾರು 1,500 ಮೀಟರ್ ಎತ್ತರದ ಕಣಿವೆ, ಸುತ್ತ ಅಪತಾನಿ ಜನರ ನೀರು ನಿಂತ ಗದ್ದೆ. ಗಾಳಿ ಮೊದಲೇ ತೇವ. ರಾತ್ರಿ ತಣ್ಣಗಾದ ಬಟ್ಟೆಗೆ ಉಸಿರಿನ ಆವಿ ತಾಗಿ ಹನಿಯಾಗುತ್ತದೆ. ಹನಿ ಇಡೀ ಗೋಡೆಗೆ ಸಮನಾಗಿ ಹರಡಿದ್ದರೆ ಆವಿ, ಹೊಲಿಗೆಯ ಗುಂಟ ಸಾಲಾಗಿದ್ದರೆ ಸೋರಿಕೆ. ಮೇಲಿನ ಕಿಂಡಿ, ಬಾಗಿಲ ಕೆಳಗಿನ ಸಂದು ಎರಡನ್ನೂ ತೆರೆದಿಡಿ. ಒದ್ದೆ ಬಟ್ಟೆಯನ್ನು ಒಳಗೆ ಒಣಹಾಕಬೇಡಿ. ಟೆಂಟಿನ ಹೊರಬಟ್ಟೆ ಅದರ ಒಳಪದರಕ್ಕೆ ತಾಗದಂತೆ ಹಗ್ಗ ಬಿಗಿಯಿರಿ.

ಕ್ಯಾರವಾನ್ ಬೇಡ. 3,000 ಕಿ.ಮೀ.ಗೂ ಹೆಚ್ಚು ದಾರಿ, ಕೊನೆಯದು ಮಳೆಗೆ ಮಣ್ಣು ಕುಸಿಯುವ ಘಟ್ಟ. ನಾಹರ್‌ಲಗುನ್‌ವರೆಗೆ ರೈಲು, ಅಲ್ಲಿಂದ ಸುಮೋ ಹಿಡಿಯಿರಿ. ಅರುಣಾಚಲದೊಳಗೆ ಹೋಗಲು ಬೇಕಾದ ಇನ್ನರ್ ಲೈನ್ ಪರ್ಮಿಟ್ ಮೊದಲೇ ಮಾಡಿಸಿಕೊಳ್ಳಿ. ಮರಳಿ ಬಂದ ದಿನವೇ ಟೆಂಟನ್ನು ಬಾಲ್ಕನಿಯಲ್ಲಿ ಹರವಿ, ಹೊಲಿಗೆಯ ಪಟ್ಟಿ ಪೂರ್ತಿ ಒಣಗಿದ ಮೇಲೆ ಮಡಿಸಿ. ಒದ್ದೆ ಮಡಿಸಿಟ್ಟರೆ ಎರಡು ಮೂರು ದಿನಕ್ಕೇ ಬೂಷ್ಟು ಹಿಡಿಯುತ್ತದೆ, ಆ ಕಪ್ಪು ಚುಕ್ಕಿ ಮತ್ತೆ ಹೋಗುವುದಿಲ್ಲ.