ಅರಿವಳಿಕೆ ಕೊಟ್ಟು ಎಂಆರ್‌ಐ ಮಾಡಿದರೆ ಮೆದುಳಿನ ವೆಂಟ್ರಿಕಲ್ ದೊಡ್ಡದಾಗಿ ಕಾಣುತ್ತದೆಯೇ?

ಅಕ್ಕಾ, ನೀವು ಬರೆದದ್ದು ಇಷ್ಟು: ಮೂರು ವರ್ಷದ ಮಗ ಕಾಟಿನಿಂದ ಬಿದ್ದಾಗ ಬಾಗಲಕೋಟೆಯಲ್ಲಿ ಸಿಟಿ ಆಯಿತು, ನಾರ್ಮಲ್ ಅಂದರು. ಆಮೇಲೆ ಫಿಟ್ಸ್ ಬಂದು ಬೆಳಗಾವಿಗೆ ಕರೆತಂದಿರಿ. ಅರಿವಳಿಕೆ ಕೊಟ್ಟು ಎಂಆರ್‌ಐ ಮಾಡಿದರು. ಈಗ ರಿಪೋರ್ಟ್‌ನಲ್ಲಿ ‘ವೆಂಟ್ರಿಕಲ್ ಸ್ವಲ್ಪ ದೊಡ್ಡದು’ ಅಂತಿದೆ. ಅರಿವಳಿಕೆಯಿಂದ ಹೀಗಾಯಿತಾ ಅಂತ ಕೇಳಿದ್ದೀರಿ.

ನಾನು ಬೆಳಗಾವಿಯಲ್ಲಿ ಸ್ಕ್ಯಾನ್ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ನನಗೆ ಮೊದಲು ಸಂಶಯ ಬರೋದು ಔಷಧಿಯ ಮೇಲಲ್ಲ, ಚಿತ್ರ ತೆಗೆದ ರೀತಿಯ ಮೇಲೆ.

ವೆಂಟ್ರಿಕಲ್ ಅಂದರೆ ಮೆದುಳಿನೊಳಗೆ ನೀರು ತುಂಬಿರುವ ಪೊಳ್ಳು ಜಾಗ. ಅದು ಎಲ್ಲರಿಗೂ ಇರುತ್ತದೆ. ಫಿಲ್ಮ್‌ನಲ್ಲಿ ಕಾಣೋದು ಅದರ ಒಂದೊಂದು ಸೀಳು. ಸೌತೆಕಾಯಿಯನ್ನು ನೇರ ಕೊಯ್ದರೆ ದುಂಡು ಬಿಲ್ಲೆ, ಓರೆ ಕೊಯ್ದರೆ ಉದ್ದ ಬಿಲ್ಲೆ ಬರುತ್ತದಲ್ವಾ? ಕೂಸಿನ ತಲೆ ಸ್ವಲ್ಪ ವಾಲಿದ್ದರೂ ಇಲ್ಲಿ ಹಾಗೇ ಆಗುತ್ತದೆ. ಸಿಟಿಯಲ್ಲಿ ದಪ್ಪ ಸೀಳು ತೆಗೆದಿದ್ದರೆ ಅಂಚು ಮಸುಕಾಗುತ್ತದೆ. ಎಂಆರ್‌ಐನಲ್ಲಿ ನೀರು, ಮೆದುಳು ಬೇರೆಬೇರೆಯಾಗಿ ಎದ್ದು ಕಾಣುತ್ತವೆ. ಅದಕ್ಕೇ ‘ಇವಾನ್ಸ್ ಇಂಡೆಕ್ಸ್’ ಅಂತ ಒಂದು ಅಳತೆ ಇದೆ: ವೆಂಟ್ರಿಕಲ್‌ನ ಮುಂದಿನ ಕೊಂಬುಗಳ ಅಗಲವನ್ನು ಅದೇ ಸೀಳಿನಲ್ಲಿ ತಲೆಬುರುಡೆಯ ಒಳಗಿನ ಅಗಲದಿಂದ ಭಾಗಿಸುವುದು. 0.3 ದಾಟಿದರೆ ದೊಡ್ಡದು ಅಂತ ಲೆಕ್ಕ. ‘ಸ್ವಲ್ಪ’ ಅನ್ನೋದು ಬಹಳ ಸಲ ಸುಮ್ನೆ ಕಣ್ಣಳತೆ.

ಇನ್ನು ಅರಿವಳಿಕೆ. ಬುರುಡೆಯೊಳಗೆ ಮೆದುಳು, ರಕ್ತ, ನೀರು ಮೂರೇ. ನಿಮ್ಮ ಮಗನ ವಯಸ್ಸಿಗೆ ನೆತ್ತಿ ಮುಚ್ಚಿರುತ್ತದೆ, ಹಾಗಾಗಿ ಒಂದು ಜಾಸ್ತಿಯಾದರೆ ಇನ್ನೊಂದು ಜಾಗ ಬಿಡಬೇಕು. ಮಂಪರಿನಲ್ಲಿ ಕೂಸು ಮೆಲ್ಲಗೆ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಮೆದುಳಿನ ರಕ್ತನಾಳ ಹಿಗ್ಗುತ್ತವೆ. ಆಗ ವೆಂಟ್ರಿಕಲ್ ಒಂಚೂರು ಚಿಕ್ಕದಾಗಬೇಕು, ದೊಡ್ಡದಲ್ಲ! ಟ್ಯೂಬ್ ಹಾಕಿ ಮಷಿನ್‌ನಿಂದ ಜಾಸ್ತಿ ಉಸಿರು ಕೊಟ್ಟರೆ ಇದರ ಉಲ್ಟಾ. ಔಷಧಿಯೂ ಲೆಕ್ಕಕ್ಕೆ ಬರುತ್ತದೆ: ಮೂಸಿಸುವ ಸೆವೊಫ್ಲುರೇನ್ ರಕ್ತನಾಳ ಹಿಗ್ಗಿಸುತ್ತದೆ, ಸೂಜಿಯಲ್ಲಿ ಕೊಡುವ ಪ್ರೊಪೊಫೋಲ್ ಮೆದುಳಿನ ರಕ್ತದ ಹರಿವು ಇಳಿಸುತ್ತದೆ. ಯಾವುದೇ ಆದರೂ ಬದಲಾವಣೆ ಸಣ್ಣದು, ಎಚ್ಚರವಾದ ಮೇಲೆ ಉಳಿಯುವುದಿಲ್ಲ. ಅರಿವಳಿಕೆ ಕೊಡೋದು ಕೂಸು ಅಲುಗಾಡಬಾರದು ಅಂತ. ಸಿಟಿ ಚಿಟಿಕೆಯಲ್ಲಿ ಮುಗಿಯುತ್ತದೆ, ಎಂಆರ್‌ಐಗೆ ಅರ್ಧ ಗಂಟೆಯಾದರೂ ಬೇಕು.

ಪರೀಕ್ಷೆಯಿಂದಲೇ ವೆಂಟ್ರಿಕಲ್ ಹಿಗ್ಗುತ್ತಿದ್ದ ಕಾಲವೂ ಇತ್ತು. 1919ರಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಅಮೆರಿಕದ ಸರ್ಜನ್ ಮೆದುಳಿನ ಇದೇ ನೀರನ್ನು ಬೆನ್ನಿನಿಂದ ತೆಗೆದು, ಅದರ ಜಾಗಕ್ಕೆ ಗಾಳಿ ತುಂಬಿ ಎಕ್ಸ್‌ರೇ ತೆಗೆಯುವ ವಿಧಾನ ಪ್ರಕಟಿಸಿದರು. ಗಾಳಿ ಒಳಗೆ ಹೋದ ಮೇಲೆ ವೆಂಟ್ರಿಕಲ್ ಅಳತೆ ಬದಲಾಗುತ್ತಿತ್ತು. 1971ರಲ್ಲಿ ಸಿಟಿ ಬಂದ ಮೇಲೆ ಆ ಹಿಂಸೆ ತಪ್ಪಿತು.

ಎರಡೂ ಸ್ಕ್ಯಾನ್‌ಗಳ ಸಿಡಿಯನ್ನು ಒಬ್ಬರೇ ರೇಡಿಯಾಲಜಿಸ್ಟ್‌ಗೆ ತೋರಿಸಿ, ಒಂದೇ ಮಟ್ಟದಲ್ಲಿ ಅಳೆಯಲು ಹೇಳಿ. ವಾಟ್ಸಾಪ್‌ನಲ್ಲಿ ಫಿಲ್ಮ್ ಫೋಟೋ ಕಳಿಸಿದರೆ ಏನೂ ತಿಳಿಯೋದಿಲ್ಲ. ಮಕ್ಕಳ ಡಾಕ್ಟರ್ ಹತ್ತಿರ ತಲೆ ಸುತ್ತಳತೆಯನ್ನೂ ಅಳೆಸಿ, ಹಳೆಯ ಅಳತೆ ಇದ್ದರೆ ಒಯ್ಯಿರಿ. ಆದರೆ ಬೆಳಗ್ಗೆ ಎದ್ದಾಗ ವಾಂತಿ, ವಿಪರೀತ ಮಂಪರು, ನಡಿಗೆಯಲ್ಲಿ ತಡವರಿಕೆ ಕಂಡರೆ ಸಿಡಿ ಹುಡುಕುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಫಿಟ್ಸ್ ಮಾತ್ರೆಯನ್ನು ಡಾಕ್ಟರ್ ಹೇಳದೆ ನಿಲ್ಲಿಸಬೇಡಿ.